ಕುಂಚಿಗೆಯೊಳಗಿನ ಕಿವಿ

ಘಟಪ್ರಭೆಯ ದಂಡೆಯ ಊರುಗಳಲ್ಲಿ ಬಯಲಾಟಕ್ಕೆ ಹೋಗುವುದೆಂದರೆ ಮನೆಮಂದಿಯೆಲ್ಲ ಹೋಗುವುದು ಎಂದೇ ಅರ್ಥವಾಗಿತ್ತು. ಸಂಜೆಗೇ ರೊಟ್ಟಿಯ ಬುತ್ತಿ ಕಟ್ಟಿಕೊಂಡು, ಚಕ್ಕಡಿಯಲ್ಲಿ ಕೌದಿ ಹಾಸಿ, ಮುದುಕರಿಂದ ಹಿಡಿದು ತೊಟ್ಟಿಲ ಕೂಸಿನವರೆಗೆ ಎಲ್ಲರೂ ಹೊರಡುತ್ತಿದ್ದರು. ಆಟ ಶುರುವಾಗುವುದು ಊಟದ ಹೊತ್ತು ಕಳೆದ ಮೇಲೆ. ಮುಗಿಯುವುದು ಬೆಳಕು ಹರಿದಾಗ. ಕೂಸನ್ನು ಮನೆಯಲ್ಲಿ ಬಿಟ್ಟು ಹೋಗೋಣವೆಂದರೆ ನೋಡಿಕೊಳ್ಳಲು ಮನೆಯಲ್ಲಿ ಯಾರೂ ಉಳಿಯುತ್ತಿರಲಿಲ್ಲ. ತಾಯಿಯ ಮಡಿಲಲ್ಲಿ ಹಾಲು ಕುಡಿಯುತ್ತ, ಅಲ್ಲೇ ನಿದ್ದೆ ಹೋಗುತ್ತ, ನಡುರಾತ್ರಿ ಎಚ್ಚರಾದಾಗ ದೀಪದ ಬೆಳಕಿನ ವೇಷ ಕಂಡು ಬೆರಗಾಗುತ್ತ ಈ ಭಾಗದ ಎಷ್ಟೋ ತಲೆಮಾರುಗಳು ಬೆಳೆದವು.

ಇಂದಿಗೂ ಗೋಕಾಕ, ಮೂಡಲಗಿ, ಹುಕ್ಕೇರಿ ತಾಲ್ಲೂಕುಗಳ ಜಾತ್ರೆಗಳಲ್ಲಿ ಕೂಸು ಎತ್ತಿಕೊಂಡ ತಾಯಂದಿರು ಕಾಣುತ್ತಾರೆ. ಆದರೆ ಅವರ ಎದುರಿಗಿರುವ ವೇದಿಕೆ ಬದಲಾಗಿದೆ. ಹಾರ್ಮೋನಿಯಂ, ತಬಲಾ, ತಾಳಗಳಿದ್ದ ಜಾಗದಲ್ಲಿ ಆಳೆತ್ತರದ ಸ್ಪೀಕರ್ ಪೆಟ್ಟಿಗೆಗಳು ನಿಂತಿವೆ. ವಾಡಿಕೆ ಹಳೆಯದು, ಸದ್ದು ಹೊಸದು. ಈ ಎರಡರ ನಡುವೆ ಸಿಕ್ಕಿಕೊಂಡಿರುವುದು ಕೂಸಿನ ಕಿವಿ.

ಪಾರಿಜಾತದ ನಾಡು

ಉತ್ತರ ಕರ್ನಾಟಕದ ಬಯಲಾಟಗಳಲ್ಲಿ ಹಾಡುಗಾರಿಕೆಗೆ ಹೆಸರಾದದ್ದು ಶ್ರೀಕೃಷ್ಣ ಪಾರಿಜಾತ. ಅಪರಾಳ ತಮ್ಮಣ್ಣನ ಕೃತಿಯನ್ನು ಆಟದ ರೂಪಕ್ಕೆ ತಂದು ಜನಪ್ರಿಯಗೊಳಿಸಿದವನು ಕುಲಗೋಡದ ತಮ್ಮಣ್ಣ. ಕುಲಗೋಡ ಹಳೆಯ ಗೋಕಾಕ ತಾಲ್ಲೂಕಿನ ಊರು. ಕಳೆದ ಶತಮಾನದಲ್ಲಿ ಪಾರಿಜಾತದ ಕೀರ್ತಿಯನ್ನು ಎತ್ತರಕ್ಕೆ ಒಯ್ದ ಕಲಾವಿದೆ ಕೌಜಲಗಿ ನಿಂಗಮ್ಮ ಕೂಡ ಇದೇ ಸೀಮೆಯವರು. ನಾರದ ತಂದ ಒಂದು ಹೂವು ರುಕ್ಮಿಣಿಯ ಪಾಲಾಗಿ, ಸತ್ಯಭಾಮೆ ಮುನಿಸಿಕೊಳ್ಳುವ ಕಥೆಯನ್ನು ಭಾಗವತ, ದೂತಿ, ಗೊಲ್ಲತಿಯರ ಮಾತು ಹಾಡುಗಳಲ್ಲಿ ರಾತ್ರಿಯಿಡೀ ಬೆಳೆಸುವುದು ಈ ಆಟದ ಸೊಗಸು. ನಾಟಕ ಎಂದು ಕರೆದರೂ ಒಂದರ್ಥದಲ್ಲಿ ಅದು ಇರುಳಿಡೀ ನಡೆಯುವ ಸಂಗೀತ ಕಛೇರಿ.

ಧ್ವನಿವರ್ಧಕ ಇಲ್ಲದಿದ್ದಾಗ ಆಟದ ಸದ್ದಿಗೆ ಮನುಷ್ಯನ ಗಂಟಲೇ ಮಿತಿ. ಹಾಡುವವರು ಏರುಕಂಠದಲ್ಲಿ ಹಾಡಬೇಕಿತ್ತು. ಹಿಮ್ಮೇಳದವರು ಸೊಲ್ಲನ್ನು ಎತ್ತಿಕೊಂಡು ಮತ್ತೆ ಹಾಡುತ್ತಿದ್ದರು. ದೂರ ಕುಳಿತವರಿಗೆ ಮಾತು ತಲುಪಲೂ ಇದರಿಂದ ಅನುಕೂಲವಾಗುತ್ತಿತ್ತು. ಕೇಳಿಸಬೇಕಾದರೆ ಜನರೇ ಸುಮ್ಮನಿರಬೇಕು. ಕೂಸು ಅತ್ತರೆ ತಾಯಿ ಎದ್ದು ಆಚೆ ಹೋಗಬೇಕು. ಅಂದಿನ ಬಯಲಿನಲ್ಲಿ ಕೂಸಿನ ಅಳುವಿನಿಂದ ಆಟಕ್ಕೆ ತೊಂದರೆಯಾಗುವ ಸಂಭವವಿತ್ತೇ ಹೊರತು, ಹಾಡಿನಿಂದ ಕೂಸಿಗೆ ತೊಂದರೆಯಾಗುವ ಭಯ ಕಡಿಮೆ.

ಹಾಗೆಂದು ಹಳೆಯ ಕಾಲವೆಲ್ಲ ಸದ್ದಿಲ್ಲದ ಕಾಲವೇನಲ್ಲ. ಕರಡಿ ಮಜಲು, ಡೊಳ್ಳು, ಹಲಗೆಗಳ ಮಗ್ಗುಲಿಗೆ ನಿಂತವರ ಎದೆ ನಡುಗುತ್ತಿತ್ತು. ಆದರೆ ವಾದ್ಯದ ಮೇಳ ಮುಂದೆ ಸಾಗುತ್ತಿತ್ತು, ಬಾರಿಸುವವರ ಕೈ ಸೋಲುತ್ತಿತ್ತು. ಯಂತ್ರಕ್ಕೆ ಕೈ ಸೋಲುವುದಿಲ್ಲ.

ತುತ್ತೂರಿ ಬಂತು

ಅಮೆರಿಕದ ಪೀಟರ್ ಜೆನ್ಸನ್ ಮತ್ತು ಎಡ್ವಿನ್ ಪ್ರಿಡ್‌ಹ್ಯಾಮ್ ಎಂಬ ಎಂಜಿನಿಯರುಗಳು 1915ರ ಡಿಸೆಂಬರಿನಲ್ಲಿ, ಕ್ರಿಸ್‌ಮಸ್ ಮುನ್ನಾದಿನ, ಸ್ಯಾನ್ ಫ್ರಾನ್ಸಿಸ್ಕೊ ನಗರದಲ್ಲಿ ತಮ್ಮ ಧ್ವನಿವರ್ಧಕದಿಂದ ದೊಡ್ಡ ಜನಸಮೂಹಕ್ಕೆ ಸಂಗೀತ ಕೇಳಿಸಿದರು. ನಾಲ್ಕು ವರ್ಷಗಳ ನಂತರ, 1919ರಲ್ಲಿ, ಅಧ್ಯಕ್ಷ ವುಡ್ರೋ ವಿಲ್ಸನ್ ಸ್ಯಾನ್ ಡಿಯಾಗೋದಲ್ಲಿ ಇದೇ ಸಾಧನದ ಮೂಲಕ ಭಾಷಣ ಮಾಡಿದರು. ಮುಂದೆ ಭಾರತದ ರಾಜಕೀಯ ಸಭೆಗಳಿಗೂ, ನಾಟಕ ಕಂಪನಿಗಳ ತಂಬುಗಳಿಗೂ, ಕೊನೆಗೆ ಹಳ್ಳಿಯ ಗುಡಿಯ ಕಟ್ಟೆಗೂ ಅದು ಬಂತು. ಮೊದಲು ಬಂದದ್ದು ತುತ್ತೂರಿ ಬಾಯಿಯ ಧ್ವನಿವರ್ಧಕ. ಹಿಂದಿನ ಸಾಲಿನವರಿಗೂ ಮಾತು ಸ್ಪಷ್ಟವಾಗಿ ಕೇಳಿಸಿತು, ಹಾಡುವವರ ಗಂಟಲಿನ ಹೊರೆ ಇಳಿಯಿತು. ಈ ಉಪಕಾರವನ್ನು ಅಲ್ಲಗಳೆಯುವಂತಿಲ್ಲ.

ಆಮೇಲೆ ಬಂದದ್ದು ರಸಮಂಜರಿ ಕಾರ್ಯಕ್ರಮಗಳು, ಅವುಗಳ ಹಿಂದೆಯೇ ಡಿಜೆ. ಇಲ್ಲಿ ಧ್ವನಿವರ್ಧಕದ ಕೆಲಸವೇ ಬೇರೆಯಾಯಿತು. ಮೊದಲು ಅದು ಕೇಳಿಸದಿದ್ದುದನ್ನು ಕೇಳಿಸುವ ಸಾಧನವಾಗಿತ್ತು. ಈಗ ಸದ್ದನ್ನು ಮೈಗೆ ತಾಗಿಸುವ ಸಾಧನವಾಯಿತು. ಮಗ್ಗುಲಲ್ಲಿ ಕುಳಿತವರ ಮಾತು ಕೇಳದಿದ್ದರೇ ಕಾರ್ಯಕ್ರಮ ಭರ್ಜರಿ ಎಂಬ ಭಾವನೆ ಬೆಳೆಯಿತು.

ಕೂಸಿನ ಕಿವಿಯೊಳಗೆ

ಸದ್ದನ್ನು ಅಳೆಯುವ ಮಾನ ಡೆಸಿಬೆಲ್. ಇದರ ಲೆಕ್ಕ ಸಾಮಾನ್ಯ ಅಂಕಿಗಳಂತಲ್ಲ. ಮೂರು ಡೆಸಿಬೆಲ್ ಏರಿದರೆ ಸದ್ದಿನ ಶಕ್ತಿ ಸುಮಾರು ಎರಡು ಪಟ್ಟಾಗುತ್ತದೆ. ಹತ್ತು ಏರಿದರೆ ಹತ್ತು ಪಟ್ಟು. ಸಾಮಾನ್ಯ ಮಾತುಕತೆ 60ರ ಆಸುಪಾಸಿನಲ್ಲಿರುತ್ತದೆ. ಅಮೆರಿಕದ ಔದ್ಯೋಗಿಕ ಸುರಕ್ಷತಾ ಸಂಸ್ಥೆಯ ಶಿಫಾರಸಿನಂತೆ 85 ಡೆಸಿಬೆಲ್ ಸದ್ದಿನಲ್ಲಿ ದಿನಕ್ಕೆ ಎಂಟು ಗಂಟೆಗಿಂತ ಹೆಚ್ಚು ಇರಬಾರದು. ಅಲ್ಲಿಂದ ಮೂರು ಮೂರು ಏರಿದಂತೆ ಅವಧಿ ಅರ್ಧರ್ಧ ಇಳಿಯುತ್ತದೆ. 88ಕ್ಕೆ ನಾಲ್ಕು ಗಂಟೆ, 94ಕ್ಕೆ ಒಂದು ಗಂಟೆ, 100ಕ್ಕೆ ಕೇವಲ 15 ನಿಮಿಷ. ಇದು ದುಡಿಯುವ ವಯಸ್ಕರಿಗೆ ಹಾಕಿದ ಲೆಕ್ಕ. ಕೂಸಿಗೆ ಇದಕ್ಕಿಂತ ಹೆಚ್ಚಿನ ಎಚ್ಚರ ಬೇಕು.

ಅದಕ್ಕೆ ಕಾರಣ ಕಿವಿಯ ರಚನೆಯಲ್ಲಿಯೇ ಇದೆ. ಒಳಗಿವಿಯ ಶಂಖದಂಥ ಸುರುಳಿಯಲ್ಲಿ ಸುಮಾರು 15 ಸಾವಿರ ರೋಮಕೋಶಗಳಿವೆ. ಸದ್ದಿನ ಅಲೆಯನ್ನು ನರದ ಸಂದೇಶವಾಗಿ ಬದಲಿಸುವ ಏರ್ಪಾಡಿನಲ್ಲಿ ಇವುಗಳದೇ ಮುಖ್ಯ ಪಾತ್ರ. ಅತಿ ಸದ್ದಿಗೆ ಇವು ಮೊದಲು ದಣಿಯುತ್ತವೆ, ಮತ್ತೆ ಮತ್ತೆ ಪೆಟ್ಟು ಬಿದ್ದರೆ ಸಾಯುತ್ತವೆ. ಸತ್ತ ಕೋಶ ಮನುಷ್ಯರಲ್ಲಿ ಮತ್ತೆ ಹುಟ್ಟುವುದಿಲ್ಲ. ಕೂಸು ಹುಟ್ಟುವಾಗ ತರುವ ಗಂಟು ಇಷ್ಟೇ, ಬದುಕಿನುದ್ದಕ್ಕೂ ಇದರಲ್ಲೇ ಸಾಗಬೇಕು. ಕೂಸಿನ ಕಿವಿಯ ನಾಳ ಚಿಕ್ಕದಾದ್ದರಿಂದ ಕೀರಲು ಸ್ವರಗಳು ಅದರೊಳಗೆ ಇನ್ನಷ್ಟು ಬಲಗೊಳ್ಳುತ್ತವೆ.

ದೊಡ್ಡವರು ಗದ್ದಲದಿಂದ ಹೊರಬಂದಾಗ ಕಿವಿಯಲ್ಲಿ ಗುಂಯ್‌ಗುಟ್ಟುವುದನ್ನು ಗಮನಿಸಬಲ್ಲರು. ಅದು ಕಿವಿ ಕೊಡುವ ಎಚ್ಚರಿಕೆ. ಕೂಸು ಅದನ್ನು ಹೇಳಲಾರದು. ಅದು ಅತ್ತರೆ ಹಸಿವೆಂದೋ ದೃಷ್ಟಿಯೆಂದೋ ತಿಳಿಯುವವರೇ ಹೆಚ್ಚು. ಅಳದೆ ಮಲಗಿದ್ದರೆ ಸದ್ದು ಅದಕ್ಕೆ ತಾಗಿಲ್ಲ ಎಂಬ ಸಮಾಧಾನ. ಆದರೆ ಕಣ್ಣಿಗಿರುವಂತೆ ಕಿವಿಗೆ ರೆಪ್ಪೆಯಿಲ್ಲ. ಮಲಗಿದ ಕೂಸಿನ ಕಿವಿಗೂ ಸದ್ದು ಅಷ್ಟೇ ಬೀಳುತ್ತದೆ. ಮಾತು ಕಲಿಯುವ ವಯಸ್ಸಿನಲ್ಲಿ ಕಿವಿ ಮಂದವಾದರೆ ಮಾತೂ ಹಿಂದುಳಿಯುತ್ತದೆ.

ಕುಂಚಿಗೆ ಮತ್ತು ಅರಳೆ

ಈ ಭಾಗದಲ್ಲಿ ಕೂಸನ್ನು ಹೊರಗೆ ಒಯ್ಯುವಾಗ ಕುಂಚಿಗೆ ಕಟ್ಟುವುದು ರೂಢಿ. ತಲೆ, ಕಿವಿಗಳನ್ನು ಮುಚ್ಚಿ ಬೆನ್ನಿನ ಮೇಲೆ ಇಳಿಬೀಳುವ ಈ ಉಡುಪನ್ನು ಗುಳೇದಗುಡ್ಡದ ಖಣದಲ್ಲಿ ಹೊಲಿಯುವುದೂ ಉಂಟು. ರಾತ್ರಿಯ ಚಳಿ ಗಾಳಿಗೆ ಇದು ತಕ್ಕ ರಕ್ಷೆ. ಆದರೆ ಗಾಳಿಯನ್ನು ತಡೆಯುವ ಬಟ್ಟೆ ಸದ್ದನ್ನು ತಡೆಯದು. ಅದರಲ್ಲೂ ಡಿಜೆಯ ಗುಡುಗಿನಂಥ ತಗ್ಗು ಸ್ವರಗಳು ಬಟ್ಟೆಯೊಳಗಿಂದ ಸಲೀಸಾಗಿ ಹಾಯುತ್ತವೆ. ಕಿವಿ ಮುಚ್ಚಿದೆಯೆಂಬ ನಂಬಿಕೆಯಲ್ಲಿ ಸ್ಪೀಕರಿನ ಬಳಿ ಕೂಡ್ರುವುದೇ ಅಪಾಯ.

ಅರಳೆ ಇಡುವುದೂ ಪರಿಹಾರವಲ್ಲ. ಸಡಿಲವಾದ ಅರಳೆ ಸದ್ದನ್ನು ಹೆಚ್ಚು ತಗ್ಗಿಸದು. ಒತ್ತಿ ತುರುಕಿದರೆ ನಾಳಕ್ಕೆ ಗಾಯವಾದೀತು, ಹೊರಬಿದ್ದ ತುಣುಕನ್ನು ಕೂಸು ಬಾಯಿಗೆ ಹಾಕಿಕೊಂಡು ಉಸಿರುಕಟ್ಟೀತು. ದೊಡ್ಡವರು ಬಳಸುವ ಕಿವಿಯ ಬಿರಡೆಗಳೂ ಇದೇ ಕಾರಣಕ್ಕೆ ಕೂಸಿಗೆ ಸಲ್ಲವು. ಕೂಸುಗಳಿಗೆಂದೇ ತಯಾರಾದ, ಇಡೀ ಕಿವಿಯನ್ನು ಹೊರಗಿನಿಂದ ಮುಚ್ಚುವ ಕಿವಿಗವಚಗಳು ಈಗ ಸಿಗುತ್ತವೆ. ಸರಿಯಾಗಿ ಕುಳಿತರೆ ಇವು ಸದ್ದನ್ನು ಸುಮಾರು 20 ಡೆಸಿಬೆಲ್ ತಗ್ಗಿಸಬಲ್ಲವು. ಆದರೆ ತಲೆಪಟ್ಟಿ ಬಿಗಿಯಾಗಬಾರದು, ಕಿವಿಯ ಸುತ್ತ ಸಂದಿ ಉಳಿಯಬಾರದು. ಕುಂಚಿಗೆಯ ಮೇಲೆ ತೊಡಿಸಿದರೆ ಸಂದಿ ಉಳಿದೇ ಉಳಿಯುತ್ತದೆ.

ಗಿರಣಿಗೆ ನಿಯಮ, ಮಡಿಲಿಗಿಲ್ಲ

ಗೋಕಾಕದವರಿಗೆ ದೊಡ್ಡ ಸದ್ದು ಅಪರಿಚಿತವೇನಲ್ಲ. 52 ಮೀಟರ್ ಎತ್ತರದಿಂದ ಧುಮುಕುವ ಘಟಪ್ರಭೆಯ ಮೊರೆತ ಒಂದು ಕಡೆ, ಆ ಜಲಪಾತದ ಮಗ್ಗುಲಲ್ಲೇ 1887ರಲ್ಲಿ ಆರಂಭವಾದ ನೂಲಿನ ಗಿರಣಿ ಇನ್ನೊಂದು ಕಡೆ. ಯಂತ್ರಗಳ ನಡುವೆ ದುಡಿಯುವವರ ಕಿವಿ ಮಂದವಾಗುವುದನ್ನು ವೈದ್ಯರು ಬಹು ಹಿಂದೆಯೇ ಗುರುತಿಸಿದ್ದರು. ತಾಮ್ರ ಬಡಿಯುವವರು ಕಿವುಡರಾಗುವುದನ್ನು ಇಟಲಿಯ ರಾಮಜ್ಜಿನಿ 18ನೇ ಶತಮಾನದ ಆರಂಭದಲ್ಲಿಯೇ ಬರೆದಿಟ್ಟ. ಬಾಯ್ಲರ್ ತಯಾರಿಸುವ ಕಾರ್ಮಿಕರ ಕಿವಿಗಳನ್ನು ಗ್ಲಾಸ್ಗೊ ನಗರದ ವೈದ್ಯ ಥಾಮಸ್ ಬಾರ್ 1886ರಲ್ಲಿ ಪರೀಕ್ಷಿಸಿದ. ಈ ತಿಳಿವಳಿಕೆ ನಿಧಾನವಾಗಿ ಕಾನೂನಾಯಿತು. ಭಾರತದಲ್ಲಿ 1948ರ ಕಾರ್ಖಾನೆಗಳ ಕಾಯ್ದೆಯ ಮೂರನೆಯ ಅನುಸೂಚಿ ಸದ್ದಿನಿಂದ ಬರುವ ಕಿವುಡುತನವನ್ನು ಸರ್ಕಾರಕ್ಕೆ ವರದಿ ಮಾಡಲೇಬೇಕಾದ ರೋಗಗಳ ಸಾಲಿಗೆ ಸೇರಿಸಿತ್ತು.

ಬಯಲಿನ ಸದ್ದಿಗೂ ಕಾನೂನು ಇದೆ. ಕೇಂದ್ರ ಸರ್ಕಾರ 2000ದಲ್ಲಿ ಶಬ್ದಮಾಲಿನ್ಯ ನಿಯಮಗಳನ್ನು ತಂದಿತು. ವಸತಿ ಪ್ರದೇಶಕ್ಕೆ ಹಗಲು 55, ರಾತ್ರಿ 45 ಡೆಸಿಬೆಲ್ ಮಿತಿ. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಿನಲ್ಲಿ ಧ್ವನಿವರ್ಧಕ ಕೂಡದು. ಸಾಂಸ್ಕೃತಿಕ, ಧಾರ್ಮಿಕ ಹಬ್ಬಗಳಿಗೆ ವರ್ಷದಲ್ಲಿ 15 ದಿನ ಮೀರದಂತೆ ನಡುರಾತ್ರಿ 12ರವರೆಗೆ ರಾಜ್ಯ ಸರ್ಕಾರ ವಿನಾಯಿತಿ ಕೊಡಬಹುದು. ಸುಪ್ರೀಂ ಕೋರ್ಟ್ 2005ರ ಜುಲೈ 18ರ ತೀರ್ಪಿನಲ್ಲಿ ರಾತ್ರಿಯ ನಿರ್ಬಂಧವನ್ನು ಗಟ್ಟಿಗೊಳಿಸಿತು.

ಆದರೆ ಈ ನಿಯಮಗಳು ಸದ್ದನ್ನು ಅಳೆಯುವ ಜಾಗವನ್ನು ಗಮನಿಸಬೇಕು. ಸಾರ್ವಜನಿಕ ಸ್ಥಳದ ಗಡಿಯಲ್ಲಿ ಅದು ಆ ಪ್ರದೇಶದ ಮಿತಿಗಿಂತ 10 ಡೆಸಿಬೆಲ್ ಹೆಚ್ಚಾಗಬಾರದು, ಅಥವಾ 75 ಮೀರಬಾರದು, ಎರಡರಲ್ಲಿ ಯಾವುದು ಕಡಿಮೆಯೋ ಅದೇ ಮಿತಿ. ಅಂದರೆ ಕಾನೂನು ನೋಡಿಕೊಳ್ಳುವುದು ಬೇಲಿಯಾಚೆಯ ಮನೆಯಲ್ಲಿ ಮಲಗಿದವರನ್ನು. ಬೇಲಿಯೊಳಗೆ, ಸ್ಪೀಕರಿನ ಮುಂದೆ ಕುಳಿತ ಪ್ರೇಕ್ಷಕರ ಕಿವಿಗೆ ಬೀಳುವ ಸದ್ದಿಗೆ ಅದರಲ್ಲಿ ಪ್ರತ್ಯೇಕ ಮಿತಿಯಿಲ್ಲ. ಗಿರಣಿಯ ಕಾರ್ಮಿಕನಿಗೆ ಒಂದು ಕಾನೂನು, ನೆರೆಮನೆಯವರಿಗೆ ಇನ್ನೊಂದು ಕಾನೂನು ಇರುವಾಗ ಮಡಿಲ ಕೂಸಿಗೆ ಉಳಿದಿರುವುದು ತಾಯಿಯ ವಿವೇಕ ಮಾತ್ರ.

ದೂರವೇ ಮದ್ದು

ಈ ವಿವೇಕಕ್ಕೆ ನೆರವಾಗುವ ಸರಳ ಲೆಕ್ಕವೊಂದಿದೆ. ತೆರೆದ ಬಯಲಿನಲ್ಲಿ ದೂರ ಎರಡು ಪಟ್ಟಾದರೆ ಸದ್ದು ಸುಮಾರು ಆರು ಡೆಸಿಬೆಲ್ ಇಳಿಯುತ್ತದೆ. ಒಂದು ಮೀಟರ್ ಅಂತರದಲ್ಲಿ 110 ಡೆಸಿಬೆಲ್ ಇರುವ ಪೆಟ್ಟಿಗೆಯ ಸದ್ದು 4 ಮೀಟರಿಗೆ 98, 16 ಮೀಟರಿಗೆ 86, 32 ಮೀಟರಿಗೆ 80ಕ್ಕೆ ಬರುತ್ತದೆ. ಒಂದರ ಮೇಲೊಂದು ಪೇರಿಸಿದ ಪೆಟ್ಟಿಗೆಗಳ ಎದುರು ಸದ್ದು ಇಷ್ಟು ಬೇಗ ಇಳಿಯದು. ಗೋಡೆಯಿರುವ ಸಭಾಭವನದಲ್ಲಂತೂ ಅದು ಪ್ರತಿಫಲಿಸಿ ಸುತ್ತುತ್ತದೆ. ಅಂಥಲ್ಲಿ ಇನ್ನೂ ದೂರ ಹೋಗಬೇಕು.

ಅಳೆಯುವ ಯಂತ್ರ ಇಲ್ಲದಿದ್ದರೂ ಪರೀಕ್ಷೆ ಮಾಡಬಹುದು. ಕೈಯಳತೆಯಲ್ಲಿ ಕುಳಿತ ಅತ್ತೆಗೆ ಸೊಸೆ ದನಿಯೇರಿಸಿ ಮಾತಾಡಬೇಕಾದರೆ ಅಲ್ಲಿನ ಸದ್ದು 85ರ ಸುತ್ತಮುತ್ತ ಇದೆ ಎಂದೇ ತಿಳಿಯಬೇಕು. ಕೂಸಿನೊಡನೆ ಕೂಡ್ರಲು ಅದು ತಕ್ಕ ಜಾಗವಲ್ಲ. ಪೆಟ್ಟಿಗೆಗಳ ನೇರಕ್ಕೆ ಕೂಡ್ರದೆ ಹಿಂದಿನ ಅಂಚಿಗೆ ಹೋಗುವುದು, ನಡುನಡುವೆ ಎದ್ದು ಆಚೆ ಹೋಗಿ ಕಿವಿಗೆ ಬಿಡುವು ಕೊಡುವುದು, ಪಟಾಕಿ ಸುಡುವ ಹೊತ್ತಿಗೆ ದೂರ ಸರಿಯುವುದು ಖರ್ಚಿಲ್ಲದ ಉಪಾಯಗಳು. ಡಿಜೆ ಮೆರವಣಿಗೆಯ ಜೊತೆ ಕೂಸನ್ನು ಎತ್ತಿಕೊಂಡು ನಡೆಯುವುದನ್ನು ಮಾತ್ರ ಬಿಡಲೇಬೇಕು. ಅಲ್ಲಿ ದೂರವೂ ಇಲ್ಲ, ಬಿಡುವೂ ಇಲ್ಲ.

ಕೂಸು ಸದ್ದಿಗೆ ಬೆಚ್ಚದಿದ್ದರೆ, ಕರೆದಾಗ ಹೊರಳಿ ನೋಡದಿದ್ದರೆ ಕಾಯದೆ ಪರೀಕ್ಷೆ ಮಾಡಿಸಬೇಕು. ಹಿಂದೆ ಗಿಲಕಿ ಅಲ್ಲಾಡಿಸಿ ನೋಡುವುದೊಂದೇ ದಾರಿಯಿತ್ತು. ಆರೋಗ್ಯವಂತ ಒಳಗಿವಿ ತಾನೇ ಸಣ್ಣದೊಂದು ಮರುದನಿ ಹೊರಡಿಸುವುದನ್ನು ಬ್ರಿಟನ್ನಿನ ಡೇವಿಡ್ ಕೆಂಪ್ 1978ರಲ್ಲಿ ತೋರಿಸಿಕೊಟ್ಟ ಮೇಲೆ, ಮಲಗಿದ ಹಸುಗೂಸಿನ ಕಿವಿಯನ್ನೂ ನಿಮಿಷಗಳಲ್ಲಿ ತಪಾಸಣೆ ಮಾಡುವುದು ಸಾಧ್ಯವಾಯಿತು. ಮೈಸೂರಿನಲ್ಲಿ 1966ರಲ್ಲಿ ಸ್ಥಾಪನೆಯಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಈ ವಿಷಯದಲ್ಲಿ ದೇಶಕ್ಕೇ ಹೆಸರಾದದ್ದು. ಕೇಂದ್ರ ಸರ್ಕಾರ 2013ರಲ್ಲಿ ಆರಂಭಿಸಿದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ಹುಟ್ಟು ಕಿವುಡುತನದ ತಪಾಸಣೆಯೂ ಸೇರಿದೆ.

ಹೊಣೆಯನ್ನು ತಾಯಿಯೊಬ್ಬಳ ಮೇಲೆಯೇ ಹೊರಿಸುವುದೂ ನ್ಯಾಯವಲ್ಲ. ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಸಂಗೀತ ಕಾರ್ಯಕ್ರಮಗಳಿಗೆ ಪ್ರಕಟಿಸಿದ ಮಾನದಂಡದಲ್ಲಿ, ಯಾವುದೇ 15 ನಿಮಿಷದ ಸರಾಸರಿ ಸದ್ದು 100 ಡೆಸಿಬೆಲ್ ಮೀರಬಾರದು ಎಂದಿದೆ. ಕಿವಿಗೆ ಬಿಡುವು ಕೊಡಲು ಶಾಂತವಾದ ಜಾಗವೊಂದು ಇರಬೇಕೆಂದೂ ಹೇಳಿದೆ. ಜಾತ್ರೆಯ ಕಮಿಟಿಯವರು ಕುಡಿಯುವ ನೀರು, ದೀಪ, ಪ್ರಸಾದಗಳ ವ್ಯವಸ್ಥೆಯನ್ನು ಅಚ್ಚುಕಟ್ಟಾಗಿ ಮಾಡುತ್ತಾರೆ. ಅದರ ಜೊತೆಗೆ ಸ್ಪೀಕರುಗಳಿಂದ ದೂರ, ವೇದಿಕೆ ಕಾಣುವಷ್ಟು ಹತ್ತಿರದಲ್ಲಿ ಕೂಸಿನ ತಾಯಂದಿರಿಗಾಗಿ ಒಂದು ಜಮಖಾನೆ ಹಾಸುವುದು ದೊಡ್ಡ ಖರ್ಚಿನ ಮಾತಲ್ಲ. ಹಾಗೆ ಮಾಡಿದರೆ ಈ ನೆಲದ ಹಾಡು ಕೇಳುತ್ತ ನಿದ್ದೆ ಹೋಗುವ ಭಾಗ್ಯ ಕೂಸಿಗೂ ಉಳಿಯುತ್ತದೆ, ಮುಂದೆ ಬೆಳೆದು ದೊಡ್ಡದಾದಾಗ ಆ ಹಾಡನ್ನು ಕೇಳುವ ಕಿವಿಯೂ ಉಳಿಯುತ್ತದೆ.