ಕುದುರೆಗೂ ಹುಲ್ಲಿನ ಚಪ್ಪಲಿ

ನಾವು ದನಕ್ಕೆ ಹಾಕುವ ಭತ್ತದ ಹುಲ್ಲನ್ನು ಜಪಾನಿನ ಜನ ಕಾಲಿಗೂ ಕಟ್ಟಿಕೊಂಡಿದ್ದರು. ಹುಲ್ಲು ಬಡಿದು ಮೆತ್ತಗೆ ಮಾಡಿ, ಹಗ್ಗ ಹೊಸೆದು ಹೆಣೆದ ಆ ಚಪ್ಪಲಿಯ ಹೆಸರು ‘ವರಾಜಿ’. ಎಡೊ ಕಾಲದಲ್ಲಿ (1603–1868) ದೂರದ ದಾರಿ ಹಿಡಿದವರು ಸವೆದಂತೆಲ್ಲ ಹೊಸ ಜೊತೆ ಕೊಳ್ಳುತ್ತಿದ್ದರು. ನಾವು ಎತ್ತಿಗೆ ಕಬ್ಬಿಣದ ಲಾಳ ಹೊಡೆಸುತ್ತೇವೆ. ಅಲ್ಲಿ ಕುದುರೆಯ ಗೊರಸಿಗೂ ಹುಲ್ಲಿನದೇ! 1878ರಲ್ಲಿ ಅಲ್ಲಿ ಸುತ್ತಾಡಿದ ಇಸಬೆಲ್ಲಾ ಬರ್ಡ್ ಇದನ್ನು ಕಂಡು ಬರೆದಿದ್ದಾರೆ.

ಬಾಳಿಕೆ ಕಡಿಮೆ, ನಿಜ. ಆದರೆ ಹರಿದದ್ದು ಕೊಳೆತು ಗೊಬ್ಬರವಾಗುತ್ತಿತ್ತು.

ಈಗ ‘ಚರ್ಮ ಇಲ್ಲದ್ದು’ ಎಂದು ಮಾರುವ ಎಷ್ಟೋ ಚಪ್ಪಲಿಗಳು ಬರೀ ಪ್ಲಾಸ್ಟಿಕ್. ಅವು ತಿಪ್ಪೆಯಲ್ಲಿ ಕರಗುವುದಿಲ್ಲ. ದಿನಬಳಕೆಗೆ ಗಿಡದಿಂದ ಬಂದದ್ದೇ ಬೇಕೆಂದರೆ ಮೇಲಿನ ಹತ್ತಿ, ಸೆಣಬು ನೋಡಿ ಸುಮ್ಮನಾಗಬೇಡಿ, ಅಟ್ಟೆ ಯಾವುದರದ್ದು ಎಂದು ಕೇಳಿ. ರಬ್ಬರ್ ಎಂದರೆ, ಮರದ ಹಾಲಿನದೋ ಪೆಟ್ರೋಲಿಯಂನದೋ ಅದನ್ನೂ ಕೇಳಿ.