ಸ್ಪಂಜಿನ ಬ್ಯಾಟು ಮತ್ತು ನನ್ನ ತಪ್ಪು ಪಾಠ



ಮೊನ್ನೆ ಸಿಂದಗಿಯ ಹಳೆಯ ವಿದ್ಯಾರ್ಥಿಯೊಬ್ಬ ದೂರವಾಣಿಯಲ್ಲಿ ಕೇಳಿದ: ‘ಸರ್ರ, ನೀವು ಕೈ ಬೀಸಿ ಹೊಡಿ ಅಂತಿದ್ರಿ. ನನ್ನ ಮಗಳ ಕೋಚ್ ಸೊಂಟ ತಿರುಗಿಸು ಅಂತಾರ. ಯಾವುದು ಖರೆ?’ ಕೋಚ್ ಹೇಳಿದ್ದೇ ಖರೆ. ಇಂಡಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳಲ್ಲಿ ನನ್ನಿಂದ ಟೇಬಲ್ ಟೆನಿಸ್ ಕಲಿತ ನಿಮಗೆಲ್ಲರಿಗೂ ಈ ಉತ್ತರ ಸಲ್ಲಬೇಕಾದ್ದರಿಂದ ಇಲ್ಲಿ ಬರೆಯುತ್ತಿದ್ದೇನೆ.

1952ರ ಫೆಬ್ರುವರಿಯಲ್ಲಿ ಈ ಆಟದ ವಿಶ್ವ ಚಾಂಪಿಯನ್‌ಷಿಪ್ ಮುಂಬಯಿಯಲ್ಲಿ ಜರುಗಿತು. 1956ರ ಏಕೀಕರಣದವರೆಗೆ ವಿಜಾಪುರ ಜಿಲ್ಲೆ ಮುಂಬಯಿ ಪ್ರಾಂತಕ್ಕೇ ಸೇರಿದ್ದರಿಂದ, ಆಟ ನಡೆದದ್ದು ಆಗಿನ ನಮ್ಮ ರಾಜಧಾನಿಯಲ್ಲಿ! ಜಪಾನಿನ ಹಿರೋಜಿ ಸಾಟೊ ದಪ್ಪ ಸ್ಪಂಜು ಅಂಟಿಸಿದ ಬ್ಯಾಟು ಹಿಡಿದು ಬಂದರು. ಅದುವರೆಗೆ ಬಹುತೇಕ ಎಲ್ಲರದೂ ಗುಳ್ಳೆ ಗುಳ್ಳೆಯ ತೆಳು ರಬ್ಬರಿನ ಬ್ಯಾಟು. ಚೆಂಡು ತಾಗುವ ಟಕ್ ಸದ್ದಿನಿಂದಲೇ ಎದುರಾಳಿಗಳು ಹೊಡೆತವನ್ನು ಅಳೆಯುತ್ತಿದ್ದರು. ಸಾಟೊ ಬ್ಯಾಟಿಗೆ ಆ ಸದ್ದೇ ಇಲ್ಲ. ಅಂತಿಮ ಪಂದ್ಯದಲ್ಲಿ ಹಂಗೇರಿಯ ಕೋತ್ಸಿಯಾನ್ ಸೋತರು, ಸಾಟೊ ವಿಶ್ವವಿಜೇತರಾದರು.

ವರ್ಷಗಟ್ಟಲೆ ವಾದವಿವಾದಗಳಾಗಿ, 1959ರಲ್ಲಿ ಬರಿಯ ಸ್ಪಂಜನ್ನು ನಿಷೇಧಿಸಿ, ಸ್ಪಂಜಿನ ಮೇಲೆ ರಬ್ಬರ್ ಹೊದಿಸಿದ ಬ್ಯಾಟಿಗೆ 4 ಮಿ.ಮೀ. ದಪ್ಪದವರೆಗೆ ಅನುಮತಿ ನೀಡಲಾಯಿತು. ಇದರಿಂದ ಫೋರ್‌ಹ್ಯಾಂಡಿನ ಸ್ವರೂಪವೇ ಬದಲಾಯಿತು. ಸ್ಪಂಜಿನಲ್ಲಿ ಚೆಂಡು ಕ್ಷಣಕಾಲ ಹುದುಗುತ್ತದೆ. ಆ ಕ್ಷಣದಲ್ಲಿ ಅದನ್ನು ಕೆಳಗಿನಿಂದ ಮೇಲಕ್ಕೆ, ಮುಂದಕ್ಕೆ ಸವರಿದರೆ ಬಿರುಸಾಗಿ ಸುತ್ತುತ್ತದೆ. ಹೀಗೆ ಮುಮ್ಮುಖವಾಗಿ ಸುತ್ತುವ ಚೆಂಡನ್ನು ಗಾಳಿ ಕೆಳಕ್ಕೆ ಒತ್ತುತ್ತದೆ. ಹಾಗಾಗಿ ಅದು ಬಲೆಯ ಮೇಲೆ ಎತ್ತರದಿಂದ ಹಾರಿಯೂ ಮೇಜಿನೊಳಗೇ ಬಾಗಿ ಬೀಳುತ್ತದೆ. 1960ರ ಸುಮಾರಿಗೆ ಜಪಾನೀಯರು ಈ ಟಾಪ್‌ಸ್ಪಿನ್ನನ್ನು ದೊಡ್ಡ ಅಸ್ತ್ರವನ್ನಾಗಿಸಿಕೊಂಡರು.

ನಾನು ನಿಮಗೆ ಕಲಿಸಿದ್ದು ಮಾತ್ರ ಗುಳ್ಳೆ ರಬ್ಬರಿನ ಕಾಲದ ನೇರ ಹೊಡೆತ. ಮೇಜಿನ ಉದ್ದ 2.74 ಮೀಟರ್ ಅಷ್ಟೇ. ಸುತ್ತಿಲ್ಲದ ಚೆಂಡನ್ನು ಬಲೆಗಿಂತ ಕೆಳಗಿನಿಂದ ಜೋರಾಗಿ ಹೊಡೆದರೆ ಹೊರಗೆ ಹೋಗದೆ ಇನ್ನೇನಾದೀತು? ಆಗೆಲ್ಲ ನಿಮ್ಮನ್ನು ಬೈದೆನಲ್ಲ, ತಪ್ಪು ನನ್ನದಾಗಿತ್ತು.

ಬಲಗೈಯವರು ಬಲಗಾಲನ್ನು ತುಸು ಹಿಂದಿಡಬೇಕು. ಸೊಂಟವನ್ನು ಬಲಕ್ಕೆ ತಿರುಗಿಸಿ, ಮೊಣಕಾಲು ಬಾಗಿಸಿ, ಬ್ಯಾಟನ್ನು ಚೆಂಡಿಗಿಂತ ಕೆಳಗಿಳಿಸಬೇಕು. ಮೈಭಾರ ಎಡಗಾಲಿಗೆ ಸರಿಯುತ್ತಿದ್ದಂತೆ ಮೊದಲು ಸೊಂಟ, ಅದರ ಬೆನ್ನಿಗೆ ತೋಳು. ಭುಜ ಬಿಗಿಯಬಾರದು. ನೇಗಿಲು ಹಿಡಿದ ಮನೆತನದ ಮಕ್ಕಳಿಗೆ ಬಲ ಕಾಲಿನಿಂದ ಬರುತ್ತದೆಂದು ನಾನು ಹೇಳಿಕೊಡಬೇಕಿತ್ತೆ!

2024ರ ಪ್ಯಾರಿಸ್ ಒಲಿಂಪಿಕ್ಸಿನಲ್ಲಿ ಜರ್ಮನಿಯ ವಿರುದ್ಧ ಭಾರತದ ವನಿತೆಯರಿಗೆ ದೊರೆತ ಒಂದೇ ಗೆಲುವು ಬೆಂಗಳೂರಿನ ಅರ್ಚನಾ ಕಾಮತ್ ಅವರದು. ಆ ಆಟದ ದೃಶ್ಯ ಸಿಕ್ಕರೆ ಮಗಳಿಗೆ ತೋರಿಸು ಎಂದು ಸಿಂದಗಿಯವನಿಗೆ ಹೇಳಿದ್ದೇನೆ. ಕೈಯನ್ನಲ್ಲ, ಕಾಲುಗಳನ್ನು ನೋಡಲಿ.