ಮೇಟ್ರನ್

ಹಾಸ್ಟೆಲಿನಲ್ಲಿರಲಿ, ಆಸ್ಪತ್ರೆಯಲ್ಲಿರಲಿ, ‘ಮೇಟ್ರನ್ ಬಂದರು’ ಎಂದರೆ ಗಲಾಟೆ ತಣ್ಣಗಾಗುತ್ತದೆ. ಇಷ್ಟು ಗದರುವ ಪದದ ಬೇರು ಲ್ಯಾಟಿನಿನ ‘ಮಾತೆರ್’, ಅಂದರೆ ತಾಯಿ. ನಮ್ಮ ‘ಮಾತೃ’ವಿನ ಒಡಹುಟ್ಟು ಅದು.

ರೋಮಿನವರ ‘ಮಾತ್ರೋನಾ’ ಬರೀ ಹೆತ್ತವಳಲ್ಲ, ಮದುವೆಯಾಗಿ ಮನೆವಾರ್ತೆ ನೋಡಿಕೊಳ್ಳುವ ಮರ್ಯಾದಸ್ಥ ಗೃಹಿಣಿ. ಮಾರ್ಚ್ 1ರಂದು ಅವಳದೇ ಒಂದು ಹಬ್ಬವಿತ್ತು. ಹೆರಿಗೆ ಕಾಯುವ ಜೂನೋ ದೇವಿಗೆ ಅಂದು ಪೂಜೆ, ಹೆಂಡತಿಗೆ ಗಂಡನಿಂದ ಉಡುಗೊರೆ. ಮಮತೆಗಿಂತ ಬೀಗದಕೈ ಗೊಂಚಲಿನ ಸದ್ದೇ ಈ ಪದದಲ್ಲಿ ಮೊದಲಿನಿಂದಲೂ ಜೋರು.

ಫ್ರೆಂಚ್ ದಾಟಿ 14ನೇ ಶತಮಾನದ ಹೊತ್ತಿಗೆ ಅದು ಇಂಗ್ಲಿಷಿಗೆ ಬಂತು. 16ನೇ ಶತಮಾನದಲ್ಲಿ ಲಂಡನ್ನಿನ ಸೇಂಟ್ ಬಾರ್ಥಲೋಮ್ಯೂ ಆಸ್ಪತ್ರೆಯ ಮೇಟ್ರನ್ ಕೆಲಸ ಸಿಸ್ಟರುಗಳ ಮೇಲೆ ಕಣ್ಣಿಡುವುದು, ಹಾಸಿಗೆ ಬಟ್ಟೆಗಳ ಲೆಕ್ಕವಿಡುವುದು. ರೋಗಶುಶ್ರೂಷೆ ಕಲಿತಿರಬೇಕೆಂದೇನೂ ಇರಲಿಲ್ಲ. 1860ರಲ್ಲಿ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ಫ್ಲಾರೆನ್ಸ್ ನೈಟಿಂಗೇಲ್ ಹೆಸರಿನ ನರ್ಸಿಂಗ್ ಶಾಲೆ ಶುರುವಾದ ಮೇಲೆ ಪದದ ದೆಸೆ ತಿರುಗಿತು. ಮನೆವಾರ್ತೆಯ ಮೇಟ್ರನ್ ದಾದಿಯರ ಗುರುವೂ ಆದಳು.

ಮಕ್ಕಳ ಆಸ್ಪತ್ರೆಯಲ್ಲಾದರೂ ತಾಯಿಯ ಅರ್ಥ ಮರಳಬೇಕಿತ್ತಲ್ಲ? ಲಂಡನ್ನಿನ ಗ್ರೇಟ್ ಆರ್ಮಂಡ್ ಸ್ಟ್ರೀಟಿನ ಮಕ್ಕಳ ಆಸ್ಪತ್ರೆ 1852ರಲ್ಲಿ ಹತ್ತೇ ಹಾಸಿಗೆಗಳಿಂದ ಶುರುವಾಯಿತು. 1878ರಿಂದ ಹತ್ತು ವರ್ಷ ಅಲ್ಲಿ ದಾದಿಯರ ಮುಖ್ಯಸ್ಥೆಯಾಗಿದ್ದವರು ಕ್ಯಾಥರೀನ್ ಜೇನ್ ವುಡ್. ಮಕ್ಕಳ ಆರೈಕೆಯೇ ಬೇರೆ ವಿದ್ಯೆ, ಅದಕ್ಕೆ ಬೇರೆ ತರಬೇತಿ ಬೇಕು ಎಂದು ಪಟ್ಟು ಹಿಡಿದವರು ಅವರು, ಅದರ ಬಗ್ಗೆ ಪುಸ್ತಕವನ್ನೂ ಬರೆದರು. ಅವರ ಹುದ್ದೆಯ ಹೆಸರು ಮಾತ್ರ ‘ಲೇಡಿ ಸೂಪರಿಂಟೆಂಡೆಂಟ್’. ತಾಯಿಯ ಪದ ಸಲ್ಲಬೇಕಾದ ಜಾಗದಲ್ಲೇ ಅದಕ್ಕೆ ಕುರ್ಚಿ ಸಿಗಲಿಲ್ಲ!

ಇದಕ್ಕಿಂತ ದೊಡ್ಡ ವಿಪರ್ಯಾಸ ಇನ್ನೊಂದಿದೆ. 20ನೇ ಶತಮಾನದ ನಡುವಿನವರೆಗೂ ಬ್ರಿಟನ್ನಿನ ಎಷ್ಟೋ ಮಕ್ಕಳ ವಾರ್ಡುಗಳಲ್ಲಿ ಹೆತ್ತವರಿಗೆ ಸಲೀಸಾದ ಪ್ರವೇಶವಿರಲಿಲ್ಲ. ಸೋಂಕು ಬರುತ್ತದೆ, ಅಮ್ಮನನ್ನು ಕಂಡರೆ ಮಗುವಿನ ಅಳು ಹೆಚ್ಚುತ್ತದೆ ಎನ್ನುವ ವಾದ. ಅಂದರೆ ‘ತಾಯಿ’ ಎಂಬ ಹೆಸರು ಹೊತ್ತವಳೇ ತಾಯಿಯನ್ನು ಬಾಗಿಲಾಚೆ ನಿಲ್ಲಿಸುವ ನಿಯಮ ಕಾಯುತ್ತಿದ್ದಳು. ಹೆತ್ತವರನ್ನು ಒಳಗೆ ಬಿಡಿ ಎಂದು ಪ್ಲ್ಯಾಟ್ ಸಮಿತಿ ಹೇಳಿದ್ದು 1959ರಲ್ಲಿ. ನಮ್ಮ ಸರ್ಕಾರಿ ಆಸ್ಪತ್ರೆಯಲ್ಲಿ ಕೂಸಿನ ಮಗ್ಗುಲಲ್ಲೇ ಅದೇ ಮಂಚದ ಮೇಲೆ ಮುದುರಿಕೊಳ್ಳುವ ಅಮ್ಮನಿಗೆ ಈ ಸಂಗತಿ ಹೇಳಿದರೆ ನಂಬುವುದು ಕಷ್ಟ.

ದಾದಿಯರ ಆಡಳಿತ ಹುದ್ದೆಗಳನ್ನು ಹೊಸದಾಗಿ ಜೋಡಿಸಲು ಹೇಳಿದ 1966ರ ಸಾಮನ್ ವರದಿಯ ನಂತರ ಬ್ರಿಟನ್ನಿನಲ್ಲಿ ಮೇಟ್ರನ್ ಹುದ್ದೆಯೇ ಕಣ್ಮರೆಯಾಯಿತು. ಜನ ಬಿಡಲಿಲ್ಲ, 2001ರ ಸುಮಾರಿಗೆ ‘ಮಾಡರ್ನ್ ಮೇಟ್ರನ್’ ಆಗಿ ಮರಳಿತು. ಈಗ ಗಂಡಸರೂ ಮೇಟ್ರನ್.

ನಮ್ಮ ಆರೋಗ್ಯ ಇಲಾಖೆಯ ಕಡತಗಳಲ್ಲಿ ಬಳಕೆಯಾಗುವುದು ‘ಶುಶ್ರೂಷಕ ಅಧೀಕ್ಷಕರು’. ನಗಬೇಡಿ. ಸಂಸ್ಕೃತದಲ್ಲಿ ‘ಶುಶ್ರೂಷಾ’ ಎಂದರೆ ಮೊದಲಿಗೆ ಕೇಳಬೇಕೆಂಬ ಬಯಕೆ. ಸೇವೆ, ಆರೈಕೆ ಎಂಬ ಅರ್ಥಗಳು ಆಮೇಲೆ ಬೆಳೆದವು. ಎಲ್ಲಿ ನೋಯುತ್ತದೆಂದು ಹೇಳಲಾರದ ಕೂಸಿನ ಅಳುವನ್ನೇ ಕೇಳಿ ತಿಳಿಯಬೇಕಾದ ಕೆಲಸಕ್ಕೆ ಮೇಟ್ರನ್‌ಗಿಂತ ಇದೇ ಒಪ್ಪುವ ಹೆಸರು. ಕರೆಯಲು ಉದ್ದ ಎಂಬುದೊಂದೇ ಅದರ ದೋಷ. ಹಾಗಾಗಿ ವಾರ್ಡಿನಲ್ಲಿ ಇಂದಿಗೂ ‘ಮೇಟ್ರನ್ ಮೇಡಂ’ ಎಂದರೇ ತಿರುಗಿ ನೋಡುತ್ತಾರೆ.